ನಮ್ಮೂರ ನಕಾಶೆ ನಮ್ಮ ಕೈಗೆ ಎಂದು?

ಬೇಸಗೆಯ ರಜೆ ಬಂದಿತೆಂದರೆ ಮುಂಬಯಿಯಿಂದಲೂ ಬೆಂಗಳೂರಿನಿಂದಲೂ ಕೊಲ್ಲಿಯ ನಾಡುಗಳಿಂದಲೂ ನಮ್ಮ ಉಡುಪಿ ಜಿಲ್ಲೆಯ ಮಕ್ಕಳು ಊರಿಗೆ ಬರುವರು. ಬಂದವರಲ್ಲಿ ಹಲವರಿಗೆ ಒಂದೇ ಚಿಂತೆ: ತಮ್ಮ ಕುಟುಂಬದ ಮೂಲಮನೆ ಯಾವುದು, ಮೂಲ ನಾಗಬನ ಎಲ್ಲಿ? ಅಜ್ಜಿ ತೀರಿಹೋಗಿ ಎಷ್ಟೋ ವರ್ಷಗಳಾದವು. ಸೋದರಮಾವನಿಗೆ ಊರ ಹೆಸರಿನ ಅರ್ಧ ಮಾತ್ರ ನೆನಪು. ಕೊನೆಗೆ ಪ್ರಶ್ನೆ ಇಡಿಸುವರು. ಮೂಡು ದಿಕ್ಕಿಗೆ, ನೀರಿನ ಸಮೀಪದಲ್ಲಿ, ಮುರಕಲ್ಲಿನ ದರೆಯ ಕೆಳಗೆ, ಹಳೆಯ ಮರವೊಂದರ ಬುಡದಲ್ಲಿ ಎಂಬುದಾಗಿ ಉತ್ತರ ಬರುವುದು. ವಾಚಕ ಮಹಾಶಯರೇ, ಕಾಪುವಿನಿಂದ ಕಾರ್ಕಳದ ವರೆಗೆ ನಡೆದು ನೋಡಿರಿ. ನೀರೂ ಮುರಕಲ್ಲೂ ಹಳೆಯ ಮರವೂ ಇಲ್ಲದ ಬೈಲು ನಮ್ಮಲ್ಲಿ ಯಾವುದಿದೆ?

ಪ್ರಶ್ನೆ ಇಡುವುದನ್ನು ನಾವು ಹಳಿಯುತ್ತಿಲ್ಲ, ನಂಬಿಕೆಯುಳ್ಳವರು ಇಡಲಿ. ಆದರೆ ಅದೇ ಪ್ರಶ್ನೆಗೆ ಉತ್ತರ ಹೇಳಬಲ್ಲ ಮತ್ತೊಂದು ಸಾಕ್ಷಿಯಿರುವಾಗ ಅದನ್ನು ಕೇಳದೆ ಬಿಡುವುದು ಯಾವ ಜಾಣತನ? ಆ ಸಾಕ್ಷಿಯೇ ಹಳೆಯ ಸರ್ವೆ ನಕಾಶೆ. ಅದನ್ನು ಕೇಳುವವರಿಲ್ಲ, ಕೇಳಿದವರಿಗೆ ಕೊಡುವವರಿಲ್ಲ, ಕೊಟ್ಟರೆ ಓದಲು ಕಲಿಸುವವರಿಲ್ಲ. ಈ ಮೂರು ಇಲ್ಲಗಳ ವಿಷಯವಾಗಿಯೇ ಇಂದು ನಾವು ಲೇಖನಿ ಹಿಡಿದಿರುವೆವು.

ಬೇರೆ ನಾಡಿನವರಿಗೆ ಕುಟುಂಬದ ಚರಿತ್ರೆಯೆಂದರೆ ಹೆಸರುಗಳ ಪಟ್ಟಿ. ನಮ್ಮ ಕರಾವಳಿಯಲ್ಲಿ ಹಾಗಲ್ಲ. ಇಲ್ಲಿ ಕುಟುಂಬವೆಂದರೆ ಮನೆ, ಮನೆಯೆಂದರೆ ಸ್ಥಳ. ಗುತ್ತು, ಬೀಡು, ಬೆಟ್ಟು, ಬೈಲು, ಮಜಲು, ಕೋಡಿ, ಪಾಡಿ ಇವೆಲ್ಲ ನೆಲದ ಹೆಸರುಗಳು. ಇವೇ ಮನೆಯ ಹೆಸರುಗಳಾಗಿ, ಮನುಷ್ಯರ ಹೆಸರಿನ ಹಿಂದೆಯೋ ಮುಂದೆಯೋ ಅಂಟಿಕೊಂಡು, ಮುಂಬಯಿಯ ಉಪಾಹಾರಗೃಹದ ಫಲಕದವರೆಗೂ ಪ್ರಯಾಣ ಮಾಡಿರುವುವು. ಬೈಲೆಂದರೆ ತಗ್ಗಿನ ನೀರು ನಿಲ್ಲುವ ಗದ್ದೆ, ಮಜಲೆಂದರೆ ನಡುವಣ ಗದ್ದೆ, ಬೆಟ್ಟೆಂದರೆ ಮಳೆಯನ್ನೇ ನಂಬಿದ ಮೇಲುಗದ್ದೆ. ಹೀಗಿರಲು ಮನೆಯ ಹೆಸರನ್ನು ಕೇಳಿದ ಮಾತ್ರಕ್ಕೆ ಆ ಮನೆ ಯಾವ ಎತ್ತರದಲ್ಲಿ ಇದ್ದಿರಬೇಕೆಂದು ಊಹಿಸಬಹುದು. ಸಮೋನ್ನತಿ ರೇಖೆಗಳುಳ್ಳ ನಕಾಶೆಯನ್ನು ಹರಡಿ ಆ ಊಹೆಯನ್ನು ಪರೀಕ್ಷಿಸಬಹುದು. ಅಳಿಯಕಟ್ಟಿನ ಕುಟುಂಬಗಳಲ್ಲಂತೂ ತಂದೆಯ ಹೆಸರನ್ನು ಹಿಡಿದು ಹಿಂದಕ್ಕೆ ಹೋದರೆ ದಾರಿ ತಪ್ಪುವುದು. ತಾಯಿಯ ಮನೆಯನ್ನು ಹಿಡಿದು ಹೋಗಬೇಕು. ಅಂತಹ ಕುಟುಂಬಕ್ಕೆ ಸ್ಥಳನಾಮವು ಅಲಂಕಾರವಲ್ಲ, ವಂಶವೃಕ್ಷದ ಕಾಂಡವೇ ಅದು.

ಈ ನಕಾಶೆಗಳು ಎಲ್ಲಿಂದ ಬಂದವೆಂಬುದನ್ನು ಸ್ವಲ್ಪದರಲ್ಲಿ ಹೇಳುವೆವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದೊಡನೆ ಕೆನರಾ ಪ್ರಾಂತವು ಕಂಪನಿಯ ವಶವಾಯಿತು. 1801ರಲ್ಲಿ ಬುಕಾನನ್ ಎಂಬ ವೈದ್ಯನು ಉಡುಪಿ ಕಾರ್ಕಳಗಳ ಮೂಲಕ ಹಾದು, ಕಂಡುದನ್ನು ಬರೆದಿಟ್ಟನು. 1802ರಲ್ಲಿ ಲ್ಯಾಂಬ್ಟನ್ ಎಂಬವನು ಮದರಾಸಿನಲ್ಲಿ ಆಧಾರರೇಖೆಯನ್ನಳೆದು ತ್ರಿಕೋಣದ ಮೇಲೆ ತ್ರಿಕೋಣವನ್ನು ಕಟ್ಟುತ್ತ ಪಡುಗಡಲ ತೀರಕ್ಕೆ ಬಂದನು. ಅವನ ಲೆಕ್ಕದಿಂದ ಮದರಾಸಿಗೂ ಮಂಗಳೂರಿಗೂ ನಡುವಣ ದೂರವು ಅದುವರೆಗೆ ತಿಳಿದಿದ್ದುದಕ್ಕಿಂತ ಸುಮಾರು ನಲ್ವತ್ತು ಮೈಲಿ ಕಡಿಮೆಯೆಂದು ಗೊತ್ತಾಯಿತು. ಅನಂತರ ನಾಲ್ಕು ಮೈಲಿಗೆ ಒಂದು ಇಂಚಿನ ಅಟ್ಲಾಸ್ ಹಾಳೆಗಳು ಬಂದವು. 1905ರ ಬಳಿಕ ಹೊಸ ಕ್ರಮದಲ್ಲಿ, ಬಣ್ಣಬಣ್ಣದಲ್ಲಿ, ಮೈಲಿಗೆ ಒಂದು ಇಂಚಿನ ಹಾಳೆಗಳು ಬಂದವು. ನಮ್ಮ ಕೆಲಸಕ್ಕೆ ಬೇಕಾದುವು ಈ ಕೊನೆಯವು. ಇವುಗಳಲ್ಲಿ ಹೊಳೆ, ಕೆರೆ, ಕಾಲುದಾರಿ, ಕಡವು, ದೇವಸ್ಥಾನ, ಮಸೀದಿ, ಇಗರ್ಜಿ, ಮನೆಗಳ ಗುಂಪು ಎಲ್ಲವೂ ಕಾಣುವುವು.

ಇಲ್ಲಿ ಕೆಲವರು ಹುಬ್ಬು ಗಂಟಿಕ್ಕುವರು. ಪರಕೀಯನು ಕಂದಾಯ ಹೀರುವುದಕ್ಕಾಗಿಯೂ ದಂಡು ನಡೆಸುವುದಕ್ಕಾಗಿಯೂ ಮಾಡಿಸಿದ ನಕಾಶೆಯಲ್ಲಿ ನಮ್ಮ ಅಜ್ಜನ ಚರಿತ್ರೆಯನ್ನು ಹುಡುಕುವುದೇ, ಇದು ದಾಸ್ಯವಲ್ಲವೇ ಎಂದು ಕೇಳುವರು. ನಾವು ಉತ್ತರ ಕೊಡುವೆವು. ಕಾಗದ ಅವನದು, ಅಚ್ಚು ಅವನದು, ಉದ್ದೇಶವೂ ಅವನದೇ, ಒಪ್ಪಿದೆವು. ಆದರೆ ಸರಪಳಿಯನ್ನು ಹಿಡಿದು ಗುಡ್ಡ ಹತ್ತಿದ ಖಲಾಸಿ ಯಾರು? ಈ ಹೊಳೆಯ ಹೆಸರೇನು, ಆ ಕುದ್ರುವಿನ ಹೆಸರೇನು ಎಂದು ಕೇಳಿದಾಗ ಬಾಯಿಬಿಟ್ಟು ಹೇಳಿದವರು ಯಾರು? ನಮ್ಮ ಶ್ಯಾನುಭೋಗರು, ನಮ್ಮ ಪಟೇಲರು, ನಮ್ಮ ಉಗ್ರಾಣಿಗಳು, ದಾರಿಯಲ್ಲಿ ಸಿಕ್ಕಿದ ದನ ಕಾಯುವ ಹುಡುಗರು. ಅವರ ಬಾಯಿಂದ ಹೊರಟ ತುಳು ಕನ್ನಡದ ಮಾತು ಪರಕೀಯ ಲಿಪಿಯಲ್ಲಿ ಸೆರೆಯಾಗಿ ಕುಳಿತಿದೆ. ಸೆರೆಯಲ್ಲಿರುವ ಬಂಧುವನ್ನು ಬಿಡಿಸಿ ತರುವುದು ಬಿಟ್ಟು, ಸೆರೆಮನೆ ಮ್ಲೇಚ್ಛರದೆಂದು ದೂರ ನಿಲ್ಲುವುದು ಯಾವ ದೇಶಾಭಿಮಾನ?

ಆ ಸೆರೆಯಲ್ಲಿ ಹೆಸರುಗಳ ಅವಸ್ಥೆ ಹೇಗಾಗಿದೆಯೆಂಬುದನ್ನೂ ನೋಡಿರಿ. ಉಡುಪಿಯು ಉಡಿಪಿಯಾಯಿತು. ಕಾರ್ಕಳದ ಕೊನೆಯ ಅಕ್ಷರ ಹಾರಿಹೋಯಿತು. ಕಾಪು ಎಂಬ ಎರಡಕ್ಷರದ ಸುಲಭ ಹೆಸರು ‘ಕೌಪ್’ ಎಂಬ ವಿಚಿತ್ರ ವೇಷ ತೊಟ್ಟಿತು. ಸ್ವರಾಜ್ಯ ಬಂದು ಮುಕ್ಕಾಲು ಶತಮಾನ ಕಳೆದರೂ ಇಂಗ್ಲಿಷ್ ಫಲಕಗಳಲ್ಲಿ ಆ ವೇಷವನ್ನು ಇನ್ನೂ ಕಳಚಿಲ್ಲ! ಇದರ ಪರಿಣಾಮ ಹಾಸ್ಯದ್ದಲ್ಲ. ಮುಂಬಯಿಯಲ್ಲಿ ಹುಟ್ಟಿದ ಮೊಮ್ಮಗನು ಹಾಳೆಯಲ್ಲಿ ಅಜ್ಜಿಯ ಊರನ್ನು ಹುಡುಕುವನು. ಅಲ್ಲಿ ‘ಳ’ಕಾರವಿಲ್ಲ, ‘ಣ’ಕಾರವಿಲ್ಲ, ದೀರ್ಘವಿಲ್ಲ. ಹೆಸರು ಕಣ್ಣೆದುರಿಗಿದ್ದರೂ ಅವನಿಗೆ ಕಾಣಿಸದು. ಆದುದರಿಂದ ಹುಡುಕುವವರು ಹೆಸರನ್ನು ಕಣ್ಣಿನಿಂದ ಓದದೆ ಬಾಯಿಂದ ಓದಬೇಕು. ಗಟ್ಟಿಯಾಗಿ ಉಚ್ಚರಿಸಿ, ಊರಿನ ಹಿರಿಯರಿಗೆ ಕೇಳಿಸಬೇಕು. ಅವರು ನಕ್ಕು ಸರಿಯಾದ ಹೆಸರನ್ನು ಹೇಳುವರು.

ಹಳೆಯ ಹೆಸರೊಂದು ಏನೇನು ಹೇಳಬಲ್ಲುದು ಎಂಬುದಕ್ಕೆ ಮಣಿಪಾಲಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇಂದು ಲೋಕದ ನಾನಾ ದಿಕ್ಕುಗಳಿಂದ ವಿದ್ಯಾರ್ಥಿಗಳು ಬರುವ ಪಟ್ಟಣವದು. ಡಾಕ್ಟರ್ ಟಿ. ಎಂ. ಎ. ಪೈಯವರು ಅಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಅದಕ್ಕೆ ಹಿಂದಿನ ಹಾಳೆಯಲ್ಲಿ ಇಂದಿನ ಪಟ್ಟಣವನ್ನು ಹುಡುಕುವುದು ವ್ಯರ್ಥ. ಅಲ್ಲಿರುವುದು ಮುರಕಲ್ಲಿನ ಬೋಳುಗುಡ್ಡೆ. ಆದರೆ ಮಣ್ಣಪಳ್ಳ ಎಂಬ ಕೆರೆ ಈಗಲೂ ಇದೆ. ಪಳ್ಳವೆಂದರೆ ತುಳುವಿನಲ್ಲಿ ಕೆರೆ. ಮಣ್ಣಿನ ಪಳ್ಳವೇ ಪಟ್ಟಣಕ್ಕೆ ಹೆಸರಿತ್ತಿತು. ಆ ಗುಡ್ಡೆಯ ಇಳಿಜಾರಿನಲ್ಲಿ ದನ ಮೇಯಿಸಿದ ಕುಟುಂಬಗಳ ಮೊಮ್ಮಕ್ಕಳು ಇಂದು ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸದಲ್ಲಿರಬಹುದು. ತಮ್ಮ ಹಟ್ಟಿ ಎಲ್ಲಿತ್ತೆಂದು ಅವರಿಗೆ ತೋರಿಸಲು ಹಳೆಯ ಹಾಳೆಯ ಹೊರತು ಬೇರೆ ಏನಿದೆ? ಕಟ್ಟಡಗಳು ನೆಲದ ಗುರುತನ್ನೇ ಅಳಿಸಿಬಿಟ್ಟಿವೆ.

ಗ್ರಾಮದ ಹೆಸರಿನ ಹಿಂದಿನ ಅಂಕೆಗಳನ್ನೂ ಉಪೇಕ್ಷಿಸಬಾರದು. 80 ಬಡಗಬೆಟ್ಟು, 76 ಬಡಗಬೆಟ್ಟು ಎಂಬ ಹೆಸರುಗಳನ್ನು ಕೇಳಿ ಪರಸ್ಥಳದವರು ನಗುವುದುಂಟು. ಒಂದೇ ಹೆಸರಿನ ಎರಡು ಗ್ರಾಮಗಳನ್ನು ಬೇರ್ಪಡಿಸಲು ಕಂದಾಯದ ಪಟ್ಟಿಯ ಅಂಕೆಯೇ ಹೆಸರಿಗೆ ಅಂಟಿಕೊಂಡಿದೆ. ಅಜ್ಜನ ಹಳೆಯ ಪತ್ರದಲ್ಲಿ ಆ ಅಂಕೆಯನ್ನು ಓದದೆ ಬಿಟ್ಟವನು ಬೇರೊಬ್ಬರ ಅಜ್ಜನ ಗದ್ದೆಯಲ್ಲಿ ನಿಂತು ಕಣ್ಣೀರು ಸುರಿಸುವನು.

ಇನ್ನು ಹಾಳೆಗಳ ಹಂಚಿಕೆಯ ವಿಚಾರ. ಸರ್ವೆಯವರು ದೇಶವನ್ನು ಅಕ್ಷಾಂಶ ರೇಖಾಂಶಗಳಿಂದ ಚೌಕ ಚೌಕವಾಗಿ ಕತ್ತರಿಸಿರುವರು. ಒಂದೊಂದು ಹಾಳೆಗೆ ಹದಿನೈದು ಮಿನಿಟು ಅಗಲ, ಹದಿನೈದು ಮಿನಿಟು ಉದ್ದ. ನಮ್ಮ ದುರ್ದೈವವೋ ಏನೋ, 74 ಡಿಗ್ರಿ 45 ಮಿನಿಟಿನ ರೇಖೆ ಉಡುಪಿ ಪಟ್ಟಣದ ಮೈಮೇಲೆಯೇ ಹಾದುಹೋಗುತ್ತದೆ. ಪಟ್ಟಣದ ಪಡುಭಾಗವೂ ಮಲ್ಪೆಯೂ 48ಕೆ/11ರಲ್ಲಿ. ಮೂಡುಭಾಗವೂ ಮಣಿಪಾಲವೂ 48ಕೆ/15ರಲ್ಲಿ. ಕಾಪುವಿನ ದೀಪಸ್ತಂಭ 48ಕೆ/12ರಲ್ಲಿ. ಕಾರ್ಕಳ 48ಕೆ/16ರ ಮೂಡಣ ಅಂಚಿನಲ್ಲಿ. ಊರಿನ ಪಕ್ಕದಲ್ಲಿಯೇ 75ನೆಯ ಡಿಗ್ರಿ ರೇಖೆ ಹಾದು, ಘಟ್ಟದ ಕಡೆಯ ಗ್ರಾಮಗಳೆಲ್ಲ 48ಓ/4ಕ್ಕೆ ಹೋಗಿವೆ. ಹೀಗಾಗಿ ಕಾರ್ಕಳದವನು ಒಂದು ಹಾಳೆಯನ್ನು ತಂದು ತನ್ನ ಅಜ್ಜಿಮನೆ ಇಲ್ಲವೆಂದು ಕೈಚೆಲ್ಲಬಾರದು. ಎರಡು ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ನೋಡಬೇಕು.

ಹಾಳೆಯನ್ನು ಓದುವಾಗ ಮೊದಲು ಅಂಚನ್ನು ಓದಬೇಕು. ಅಳತೆಯಾದ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ. ಅಚ್ಚಿನ ವರ್ಷವನ್ನೇ ಹಿಡಿದು ಇಂತಹ ವರ್ಷ ನಮ್ಮ ಮನೆ ಇತ್ತೆಂದು ಬರೆದವರನ್ನು ನಾವು ಕಂಡಿದ್ದೇವೆ. ನೆಲದ ಗುರುತುಗಳೂ ಕಾಲವನ್ನು ಹೇಳುವುವು: ಕಾಪುವಿನ ಬಂಡೆಯ ಮೇಲೆ ದೀಪಸ್ತಂಭವಿದ್ದರೆ ಅದು 1901ಕ್ಕೆ ಈಚಿನ ಅಳತೆ, ಇಂದ್ರಾಳಿಯ ಬಳಿ ಕೊಂಕಣ ರೈಲಿನ ಹಳಿಯಿದ್ದರೆ ತೀರ ಈಚಿನದು. ಇಂದಿನ ನಕಾಶೆಯ ಮೇಲೆ ಹಳೆಯದನ್ನು ಹೊಂದಿಸುವವರಿಗೆ ಮತ್ತೊಂದು ಎಚ್ಚರಿಕೆ. ಹಳೆಯ ಅಟ್ಲಾಸ್ ಹಾಳೆಗಳಲ್ಲಿ ರೇಖಾಂಶದ ಲೆಕ್ಕವೇ ಹೆಚ್ಚುಕಡಿಮೆ ಎರಡೂವರೆ ಮಿನಿಟು ತಪ್ಪಿದೆ. ನಮ್ಮ ಅಕ್ಷಾಂಶದಲ್ಲಿ ಅದು ನಾಲ್ಕು ಕಿಲೋಮೀಟರಿಗಿಂತ ಮಿಗಿಲು. ಅಂಕೆಗಳನ್ನು ನಂಬಿ ಹೊಂದಿಸದೆ, ಅಲುಗದ ಗುರುತುಗಳನ್ನು ನಂಬಬೇಕು. ಕಾರ್ಕಳದಲ್ಲಿ ಅಂತಹವುಗಳಿಗೆ ಬರಗಾಲವಿಲ್ಲ. 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಗೊಮ್ಮಟನು ನಿಂತ ಬಂಡೆ, 1586ರ ಚತುರ್ಮುಖ ಬಸದಿ, ಆನೆಕೆರೆ, ರಾಮಸಮುದ್ರ ಇವು ಯಾವ ಸರ್ವೆಯವನು ಬಂದರೂ ಇದ್ದಲ್ಲಿಯೇ ಇವೆ. ಕರಾವಳಿಯ ಅಂಚನ್ನು ಮಾತ್ರ ನಂಬಬೇಡಿರಿ. ಬೆಂಗ್ರೆಗಳು ಬೆಳೆಯುವುವು, ಕರಗುವುವು. ಅಳಿವೆಯ ಬಾಯಿ ಮಳೆಗಾಲದಿಂದ ಮಳೆಗಾಲಕ್ಕೆ ಸರಿಯುವುದುಂಟು. ಕಡಲ ತಡಿಯ ಮೊಗವೀರ ಕುಟುಂಬವೊಂದು ನಮ್ಮ ಹಿರಿಯರ ಮನೆ ಈಗ ಸಮುದ್ರದೊಳಗಿದೆ ಎಂದರೆ ಅದನ್ನು ಕಟ್ಟುಕಥೆಯೆಂದು ತಳ್ಳುವ ಮೊದಲು ಹಾಳೆಯನ್ನು ತೆರೆದು ನೋಡಬೇಕು.

ಕಡವುಗಳನ್ನೂ ಗುರುತಿಸಿರಿ. ಸೇತುವೆಗಳಿಲ್ಲದ ಕಾಲದಲ್ಲಿ ಉದ್ಯಾವರದ ಹೊಳೆಯನ್ನೂ ಸ್ವರ್ಣೆಯನ್ನೂ ಸೀತೆಯನ್ನೂ ದಾಟುವುದಕ್ಕೆ ದೋಣಿಯೇ ಗತಿ. ಕಡವು ಇದ್ದಲ್ಲಿ ನಂಟಸ್ತಿಕೆ. ಎರಡು ದಡಗಳ ಮನೆಗಳ ನಡುವೆ ಹೆಣ್ಣು ಕೊಟ್ಟು ತಂದ ಬಳಕೆ ಏಕೆ ಇತ್ತೆಂದು ಇಂದಿನ ಹೆದ್ದಾರಿಯಲ್ಲಿ ಓಡುವವನಿಗೆ ತಿಳಿಯದು; ಕಡವಿನ ಗುರುತನ್ನು ಕಂಡವನಿಗೆ ಒಡನೆಯೇ ತಿಳಿಯುವುದು.

ಮತ್ತೊಂದು ಆಕ್ಷೇಪವಿದೆ, ಇದು ಮೊದಲಿನದಕ್ಕಿಂತ ತೂಕವುಳ್ಳದ್ದು. ಕುಟುಂಬದ ಚರಿತ್ರೆಯನ್ನು ಕೆದಕುವುದೆಂದರೆ ಗುತ್ತು ಬೀಡುಗಳ ದೊಡ್ಡಸ್ತಿಕೆಯನ್ನು ಮತ್ತೆ ಮೆರೆಸುವುದಲ್ಲವೇ, ಒಕ್ಕಲುಗಳಿಗೂ ಕೂಲಿಗಳಿಗೂ ಇದರಿಂದೇನು ಎಂಬುದು. ನಾವು ಹೇಳುವೆವು: ಒಕ್ಕಲಿಗೇ ನಕಾಶೆ ಹೆಚ್ಚು ಬೇಕು. ವರ್ಗದಾರನ ಹೆಸರು ಅಡಂಗಲಿನಲ್ಲಿದೆ, ಪಟ್ಟೆಯಲ್ಲಿದೆ, ನ್ಯಾಯಾಲಯದ ತೀರ್ಪಿನಲ್ಲಿದೆ. ಮೂಲಗೇಣಿಯವನ ಹೆಸರು ಎಲ್ಲೋ ಒಂದು ಪತ್ರದಲ್ಲಿದ್ದೀತು. ಚಾಲಗೇಣಿಯವನ ಹೆಸರನ್ನು ಬರೆದಿಟ್ಟವರು ಯಾರು? 1974ರ ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ ಕೊಡುವವರೆಗೆ ನೂರಾರು ಮನೆತನಗಳು ಸರಕಾರದ ಕಾಗದದಲ್ಲಿ ಹುಟ್ಟಿಯೇ ಇರಲಿಲ್ಲ. ಆದರೆ ಅವರ ಗುಡಿಸಲು ಮಾತ್ರ ಸರ್ವೆಯವನ ಕಣ್ಣಿಗೆ ಬಿದ್ದಿತ್ತು. ಬೆಟ್ಟಿನ ಅಂಚಿನಲ್ಲಿ ಹೆಸರಿಲ್ಲದ ಒಂದು ಚುಕ್ಕೆಯಾಗಿ ಅದು ಹಾಳೆಯಲ್ಲಿ ಕುಳಿತಿದೆ. ದೊಡ್ಡವರ ಚರಿತ್ರೆಗೆ ನೂರು ಸಾಕ್ಷಿಗಳು. ಇವರಿಗೆ ಆ ಚುಕ್ಕೆಯೊಂದೇ. ದೊಡ್ಡವರ ಗರ್ವವನ್ನು ಇಳಿಸಲಿಕ್ಕೂ ಅದು ಕೆಲವೊಮ್ಮೆ ಉಪಯೋಗವಾಗುವುದು. ಸಾವಿರ ವರ್ಷದ ಮನೆತನವೆಂದು ಸ್ಮರಣಸಂಚಿಕೆಯಲ್ಲಿ ಅಚ್ಚುಹಾಕಿಸಿದವರ ಮನೆಯಿರುವಲ್ಲಿ ನೂರು ವರ್ಷದ ಹಿಂದಿನ ಹಾಳೆಯಲ್ಲಿ ಬರಿಯ ಪದವು ಕಾಣಿಸಿದರೆ ನಾವೇನು ಮಾಡೋಣ?

ನಕಾಶೆ ಎಲ್ಲವನ್ನೂ ಹೇಳುವುದೆಂದು ನಾವು ವಾದಿಸುವುದಿಲ್ಲ. ಠಾಣೆ, ಅಂಚೆಕಚೇರಿ, ಪ್ರವಾಸಿ ಬಂಗಲೆ, ಕಾದಿಟ್ಟ ಅರಣ್ಯದ ಎಲ್ಲೆ ಇವು ಅದರಲ್ಲಿ ದಪ್ಪ ಅಕ್ಷರದಲ್ಲಿವೆ. ಭೂತಸ್ಥಾನಗಳೂ ಬನಗಳೂ ಎಷ್ಟೋ ಕಡೆ ಇಲ್ಲವೇ ಇಲ್ಲ. ಆದುದರಿಂದ ಹಾಳೆಯೊಂದಿಗೆ ಕಾಲನ್ನೂ ಸವೆಸಬೇಕು. ಡಾಕ್ಟರ್ ಪಿ. ಗುರುರಾಜ ಭಟ್ಟರು ದೇವಸ್ಥಾನದಿಂದ ದೇವಸ್ಥಾನಕ್ಕೆ ನಡೆದು ತುಳುನಾಡಿನ ಚರಿತ್ರೆಯನ್ನು ಕಟ್ಟಿದರು; 1975ರಲ್ಲಿ ಅವರ ದೊಡ್ಡ ಗ್ರಂಥ ಪ್ರಕಟವಾಯಿತು. ಅವರ ದಾರಿಯಲ್ಲಿ ಒಂದೊಂದು ಗ್ರಾಮಕ್ಕೆ ಒಬ್ಬೊಬ್ಬ ಉಪಾಧ್ಯಾಯರು ನಡೆದಿದ್ದರೆ ಇಷ್ಟರಲ್ಲಿ ನಮ್ಮ ಕಣಜ ತುಂಬಿರುತ್ತಿತ್ತು.

ಈಗ ನಮ್ಮ ಮುಖ್ಯ ದೂರಿಗೆ ಬರುವೆವು. ಕರಾವಳಿಯು ದೇಶದ ಅಂಚಾದುದರಿಂದ ಸ್ವರಾಜ್ಯ ಬಂದ ಬಳಿಕವೂ ದಶಕಗಳ ಕಾಲ ನಮ್ಮ ಭಾಗದ ಹಾಳೆಗಳು ನಿರ್ಬಂಧಿತವಾಗಿದ್ದವು. ನಮ್ಮ ಹೈಸ್ಕೂಲಿನ ಮಾಸ್ತರರಿಗೆ ನಮ್ಮೂರ ನಕಾಶೆ ಸಿಕ್ಕದು; ಆದರೆ ಲಂಡನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ನಕಾಶೆಗಳಿದ್ದವು, ಅಮೆರಿಕದ ಸೈನ್ಯದವರು 1950ರ ದಶಕದಲ್ಲಿ ಅಚ್ಚುಹಾಕಿದ ಎರಡೂವರೆ ಲಕ್ಷಕ್ಕೆ ಒಂದರ ಪ್ರಮಾಣದ ಹಾಳೆಗಳನ್ನು ಟೆಕ್ಸಾಸಿನ ವಿಶ್ವವಿದ್ಯಾಲಯದವರು ಅಂತರ್ಜಾಲದಲ್ಲಿ ಲೋಕಕ್ಕೆಲ್ಲ ತೆರೆದಿಟ್ಟರು! ಮಲ್ಪೆಯ ಮಗುವಿಗೆ ಗುಟ್ಟು, ಟೆಕ್ಸಾಸಿನ ಮಗುವಿಗೆ ಬಯಲು. ನಾವೇ ಒಮ್ಮೆ ಒಂದು ಕಚೇರಿಯಲ್ಲಿ ಹಳೆಯ ಹಾಳೆಯೊಂದನ್ನು ಕಣ್ಣಿನಿಂದ ನೋಡಲು ಮಾತ್ರ ಕೇಳಿದಾಗ, ಮೇಲಿನಿಂದ ಅಪ್ಪಣೆ ತನ್ನಿ ಎಂದರು. ಮೇಲೆ ಹೋದಾಗ ಕೆಳಗೆ ಕೇಳಿ ಎಂದರು. 2005ರಲ್ಲಿ ಹೊಸ ನಕಾಶಾ ನೀತಿ ಬಂದು ಸಾರ್ವಜನಿಕರಿಗೆ ಬೇರೆ ಹಾಳೆಗಳಾದವು. 2017ರಲ್ಲಿ ಅವನ್ನು ಅಂತರ್ಜಾಲದಿಂದ ಪುಕ್ಕಟೆಯಾಗಿ ಇಳಿಸಿಕೊಳ್ಳಲು ಎಡೆಯಾಯಿತು. 2021ರಲ್ಲಿ ನಿರ್ಬಂಧಗಳು ಮತ್ತಷ್ಟು ಸಡಿಲಿದವು. ನಾವು ಕೃತಘ್ನರಲ್ಲ, ಇದನ್ನು ಸ್ವಾಗತಿಸುವೆವು. ಆದರೆ ತೆರೆದ ಬಾಗಿಲು ಹೊಸ ಹಾಳೆಗಳಿಗೆ. ಕುಟುಂಬವನ್ನು ಹುಡುಕುವವನಿಗೆ ಬೇಕಾದ ಹಳೆಯ ಹಾಳೆಗಳ ಮಾತೇನು? ಅವನ್ನು ಕನ್ನಡದಲ್ಲಿ ಅಚ್ಚುಹಾಕುವವರು ಯಾರು?

ಕಾಗದಪತ್ರಗಳ ಗತಿಯೂ ಇದೇ. 1862ರಲ್ಲಿ ಕೆನರಾವನ್ನು ಸೀಳಿ ಉತ್ತರದ ಭಾಗವನ್ನು ಮುಂಬಯಿ ಅಧಿಪತ್ಯಕ್ಕೆ ಕೊಟ್ಟರು. ದಕ್ಷಿಣವು ಮದರಾಸಿನಲ್ಲಿ ಉಳಿಯಿತು. ಘಟ್ಟದ ಮೇಲೆ ಮೈಸೂರು ಸಂಸ್ಥಾನ. ಹಳೆಯ ಹಾಳೆಯ ಮೇಲೆ ಆ ಗೆರೆಗಳನ್ನು ಇಂದಿಗೂ ಕಾಣಬಹುದು. ಶಿರೂರಿಗೂ ಭಟ್ಕಳಕ್ಕೂ ನಡುವೆ ಒಂದು, ಆಗುಂಬೆಯ ನೆತ್ತಿಯಲ್ಲಿ ಮತ್ತೊಂದು. ಕಾರ್ಕಳದ ಹೆಣ್ಣನ್ನು ಶೃಂಗೇರಿಗೆ ಕೊಟ್ಟರೆ ಅದು ಪರರಾಜ್ಯ! 1956ರ ನವೆಂಬರ್ 1ರಂದು ಆ ಗೆರೆಗಳು ಅಳಿದವು. ದಸ್ತಾವೇಜುಗಳು ಮಾತ್ರ ಹಿಂದಿರುಗಿ ಬರಲಿಲ್ಲ. ದಕ್ಷಿಣ ಕನ್ನಡದ ಹಳೆಯ ಜಿಲ್ಲಾ ದಾಖಲೆಗಳನ್ನು ನೋಡಬೇಕಾದವನು ಇಂದಿಗೂ ಚೆನ್ನೈಯ ಪತ್ರಾಗಾರದ ಬಾಗಿಲನ್ನು ತಟ್ಟಬೇಕು. ನಾಡು ಒಂದಾಯಿತು, ನಾಡಿನ ನೆನಪು ಒಂದಾಗಲಿಲ್ಲ.

ಕಾಸರಗೋಡಿನ ಮಾತು ಬಂದಾಗ ನಮ್ಮ ಲೇಖನಿ ಭಾರವಾಗುವುದು. ಕಾರ್ಕಳದ ಮಗ್ಗುಲಲ್ಲಿ ಹಾಯುವ ಅದೇ 75ನೆಯ ಡಿಗ್ರಿ ರೇಖೆಯನ್ನು ಹಿಡಿದು ತೆಂಕಕ್ಕೆ ಇಳಿದರೆ ಅದು ಕಾಸರಗೋಡಿನ ಮಗ್ಗುಲಿಗೇ ತಲುಪುವುದು. ಆಕಾಶದ ಲೆಕ್ಕಕ್ಕೆ ಎರಡೂ ಒಂದೇ ಗೆರೆಯ ಮೇಲಿನ ಊರುಗಳು. ರಾಜ್ಯದ ಲೆಕ್ಕಕ್ಕೆ 1956ರಿಂದ ಬೇರೆಯಾದವು. ಚಂದ್ರಗಿರಿ ಪಯಸ್ವಿನಿಗಳ ಬಡಗಣ ಭಾಗ ಮೈಸೂರಿಗೆ ಸೇರತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ವರದಿ ಮಾಡಿತು, ವರದಿ ಕಪಾಟಿನಲ್ಲಿದೆ. 2021ರಲ್ಲಿ ಆ ಭಾಗದ ಗ್ರಾಮಗಳ ಕನ್ನಡ ತುಳು ಹೆಸರುಗಳನ್ನು ಬದಲಾಯಿಸುವರೆಂಬ ಸುದ್ದಿ ಹಬ್ಬಿ ಇತ್ತ ಕಳವಳವಾಯಿತು. ಅಂತಹ ನಿರ್ಧಾರವಿಲ್ಲವೆಂದು ಕೇರಳ ಸರಕಾರವು ಹೇಳಿತು. ಆ ಮಾತನ್ನು ನಾವು ನಂಬುವೆವು. ಆದರೆ ಬರಿಯ ನಂಬಿಕೆಯ ಮೇಲೆ ಹೆಸರುಗಳು ಉಳಿಯುವುದಿಲ್ಲ. ಹಳೆಯ ಹಾಳೆಯ ಮೇಲಿನ ಹೆಸರುಗಳನ್ನು ಹಳ್ಳಿಯ ಹಿರಿಯರ ಬಾಯಿಂದ ಸರಿಪಡಿಸಿ ಕನ್ನಡ ಲಿಪಿಯಲ್ಲಿ ಪ್ರಕಟಿಸಿದ ಪುಸ್ತಕವೊಂದು ಇದ್ದರೆ ಇಂತಹ ಸುದ್ದಿಗೆ ಹೆದರಬೇಕಾದ ಪ್ರಮೇಯವೇ ಇರದು.

ಸರಕಾರದಿಂದ ನಾವು ಕೇಳುವುದು ಅತಿಯಾದುದಲ್ಲ. ಹಳೆಯ ಒಂದಿಂಚಿನ ಹಾಳೆಗಳ ಪ್ರತಿಗಳನ್ನು ಡೆಹರಾಡೂನಿನಿಂದ ತರಿಸಿ, ಹೆಸರುಗಳನ್ನು ಕನ್ನಡದಲ್ಲಿ ಬರೆಸಿ, ಪ್ರತಿ ತಾಲೂಕಿನ ಗ್ರಂಥಾಲಯದಲ್ಲಿ ಇಡಲಿ. ಚೆನ್ನೈಯಲ್ಲಿರುವ ನಮ್ಮ ಜಿಲ್ಲೆಯ ದಾಖಲೆಗಳ ಪ್ರತಿಯನ್ನು ಉಡುಪಿ ಮಂಗಳೂರುಗಳಿಗೆ ತರಿಸಲಿ. ಸರ್ವೆ ನಂಬ್ರವನ್ನು ನಿಂತಲ್ಲಿಯೇ ತೋರಿಸುವ ‘ದಿಶಾಂಕ್’ ಎಂಬ ಸಾಧನವನ್ನು ಮಾಡಿಸಿಕೊಟ್ಟ ಸರಕಾರಕ್ಕೆ ಇದು ಅಸಾಧ್ಯವೆಂದರೆ ನಾವು ಒಪ್ಪೆವು.

ಉಪಾಧ್ಯಾಯ ಬಂಧುಗಳು ಅಷ್ಟರವರೆಗೆ ಕಾಯಬೇಕಾಗಿಲ್ಲ. ಐದನೆಯ ತರಗತಿಯ ಮಕ್ಕಳಿಗೆ ನೈಲ್ ನದಿಯ ಉದ್ದವನ್ನು ಬಾಯಿಪಾಠ ಮಾಡಿಸುವಿರಿ. ಅವರ ಮನೆಯ ಹಿಂದಿನ ತೋಡು ಯಾವ ಹೊಳೆಯನ್ನು ಸೇರುವುದೆಂದು ಕೇಳಿದ್ದೀರಾ? ಮಕ್ಕಳು ತಮ್ಮ ಮನೆಯ, ಗದ್ದೆಯ, ಕೆರೆಯ, ಕಟ್ಟದ, ಕಾಲುದಾರಿಯ ಹೆಸರುಗಳನ್ನು ಅಜ್ಜಿಯರಿಂದ ಕೇಳಿ ಬರೆದು ತರಲಿ. ಕಂದಾಯದ ಗ್ರಾಮ ನಕಾಶೆ ಇಂದು ಅಂತರ್ಜಾಲದಲ್ಲಿ ದೊರೆಯುತ್ತದೆ. ಅದನ್ನು ಗೋಡೆಗೆ ಅಂಟಿಸಿ ಹೆಸರುಗಳನ್ನು ತುಂಬಿಸಿರಿ. ಎಂಬತ್ತು ದಾಟಿದವರನ್ನು ಈ ಮಳೆಗಾಲಕ್ಕೆ ಮೊದಲೇ ಕೇಳಿರಿ. ತುಂಬಿದ ಹಾಳೆಯ ಒಂದು ಪ್ರತಿಯನ್ನು ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಮುಟ್ಟಿಸಿರಿ, ಇನ್ನೊಂದನ್ನು ಶಾಲೆಯಲ್ಲಿಯೇ ಇಡಿರಿ. ಕಾರ್ಕಳ ತಾಲೂಕಿನವರು 48ಕೆ/16ನ್ನು ಕೇಳುವಾಗ 48ಓ/4ನ್ನೂ ಜತೆಗೆ ಕೇಳುವುದನ್ನು ಮರೆಯಬಾರದು.